ಒಂದು ಇಂಜೆಕ್ಷನ್‌ಗೆ ಹೃದಯ ಹೊಸದಾಗುತ್ತಾ?

ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ತಗೊಂಡರೆ ಅದು ನೇರ ಹೃದಯಕ್ಕೆ ಹೋಗಿ ಸತ್ತ ಭಾಗವನ್ನು ಮತ್ತೆ ಬೆಳೆಸುತ್ತದೆ ಎನ್ನುವ ಮೆಸೇಜ್ ಆಗಾಗ ಬರುತ್ತಿರುತ್ತದೆ. ಮನೆಯಲ್ಲಿ ಹಾರ್ಟ್ ಪೇಷೆಂಟ್ ಇದ್ದರೆ ಆಸೆ ಹುಟ್ಟುವುದು ಸಹಜ, ಅಲ್ವಾ? ಆದರೆ ಅದು ಹಾಗೆ ನಡೆಯುವುದಿಲ್ಲ.

ಇದರಲ್ಲಿ ಒಂದೆಳೆ ಸತ್ಯ ಇದೆ. ಆಕ್ಸಿಜನ್ ಸಿಗದ ಜಾಗ ಎಸ್‌ಡಿಎಫ್-1 ಎಂಬ ಪ್ರೋಟೀನ್ ಬಿಟ್ಟು ಕೋಶಗಳನ್ನು ಕರೆಯುತ್ತದೆ. ಅಲ್ಲಿನ ರಕ್ತನಾಳದ ಒಳಗೋಡೆಯಲ್ಲಿ ಅಂಟುವ ಅಣುಗಳೂ ಜಾಸ್ತಿಯಾಗುತ್ತವೆ. ರಕ್ತದಲ್ಲಿ ಓಡುವ ಕೋಶ ಮೊದಲು ಸೆಲೆಕ್ಟಿನ್ ಎಂಬ ಅಂಟುವ ಅಣುವಿಗೆ ತಗುಲಿ, ಉರುಳುತ್ತಾ ನಿಧಾನವಾಗುತ್ತದೆ. ಆಮೇಲೆ ಅದರ ಮೈಮೇಲಿನ ಇಂಟೆಗ್ರಿನ್ ಎಂಬ ಹಿಡಿಕೆ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ, ಸೆರಗಿಗೆ ಉತ್ತರಾಣಿ ಅಂಟಿದ ಹಾಗೆ. ಕೊನೆಗೆ ಸಂದಿಯಲ್ಲಿ ನುಸುಳಿ ಒಳಗೆ ಹೋಗುತ್ತದೆ.

ತೊಂದರೆ ಏನೆಂದರೆ, ಲ್ಯಾಬ್‌ನಲ್ಲಿ ಬೆಳೆಸಿದ ಮೆಸೆಂಕೈಮಲ್ ಎಂಬ ಬಗೆಯ ಸ್ಟೆಮ್ ಸೆಲ್‌ಗಳಿಗೆ ಇಂಥ ಹಿಡಿಕೆಗಳು ಕಡಿಮೆ, ಗಾತ್ರ ದೊಡ್ಡದು. ಕೈಯ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನವು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಹೃದಯ ತಲುಪಿದವೂ ಬಹುಪಾಲು ಬೇಗ ಸಾಯುತ್ತವೆ.

ಮೆಸೇಜ್ ಬಂದರೆ ಮೊದಲು ನೋಡಿ: ಪ್ರಯೋಗ ಇಲಿಯ ಮೇಲಾ, ಮನುಷ್ಯರ ಮೇಲಾ? ಭಾರತದಲ್ಲಿ ಕ್ಲಿನಿಕಲ್ ಟ್ರಯಲ್‌ಗಳನ್ನು 2009ರಿಂದ ಸರ್ಕಾರಿ ರಿಜಿಸ್ಟ್ರಿಯಲ್ಲಿ ದಾಖಲಿಸಲೇಬೇಕು. ಅದರ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಟ್ರಯಲ್ ಎಂದು ಹೇಳಿ ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಅನುಮಾನ ಪಡಿ.

ರಕ್ತದ ಕ್ಯಾನ್ಸರ್‌ಗೆ ಮಾಡುವ ಅಸ್ಥಿಮಜ್ಜೆ ಕಸಿ ಬೇರೆ ವಿಷಯ. ಅದು ದಶಕಗಳಿಂದ ಇರುವ ಚಿಕಿತ್ಸೆ. ಅಲ್ಲಿ ರಕ್ತಕ್ಕೆ ಕೊಟ್ಟ ಸ್ಟೆಮ್ ಸೆಲ್‌ಗಳು ಇದೇ ಅಂಟಿನ ದಾರಿ ಹಿಡಿದು ಮೂಳೆಯೊಳಗೆ ಸೇರಿಕೊಳ್ಳುತ್ತವೆ.