ಒಂದು ಕೆಜಿ ಡಂಬೆಲ್ ಸಾಲದು

ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರಹತ್ತಿರ 30 ಕೆಜಿ ತೂಗುತ್ತದೆ. ಅದನ್ನು ಬಾಗಿಲಿಂದ ಅಡುಗೆಮನೆಗೆ ಉರುಳಿಸಿಕೊಂಡು ಹೋಗುವ ಹೆಂಗಸಿನ ಕೈಗೆ ಜಿಮ್ಮಿನಲ್ಲಿ ಒಂದು ಕೆಜಿ ಡಂಬೆಲ್ ಕೊಟ್ಟು, "ಮೂವತ್ತು ಸಲ ಎತ್ತಿ ಮೇಡಂ, ಟೋನ್ ಆಗುತ್ತೆ" ಅನ್ನುತ್ತಾರೆ. ಇದು ತಪ್ಪು. ಮೂವತ್ತು ಸಲ ಸಲೀಸಾಗಿ ಎತ್ತುವ ತೂಕದಿಂದ ಬಲ ಬರುವುದಿಲ್ಲ.

ಭಾರ ಎತ್ತಿದರೆ ಮೈ ಗಂಡಸರ ಹಾಗಾಗುತ್ತದೆ ಎಂಬ ಭಯ ಬಿಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಬೆಳ್ಳಿ ಗೆದ್ದದ್ದು 49 ಕೆಜಿ ದೇಹತೂಕದ ವಿಭಾಗದಲ್ಲಿ, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ನೆಲದಿಂದ ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ) ಎತ್ತಿದ್ದು 115 ಕೆಜಿ. ನಿಜವಾಗಿ ಹೆದರಬೇಕಾದದ್ದು ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಇಳಿದು ಮೂಳೆ ಸವೆಯುವುದಕ್ಕೆ. ಅದನ್ನು ತಡೆಯಲು ವಾಕಿಂಗ್ ಒಂದೇ ಸಾಕಾಗುವುದಿಲ್ಲ, ಭಾರವನ್ನೂ ಎತ್ತಬೇಕು.

ವಾರಕ್ಕೆ 2 ದಿನ ಸಾಕು, ನಡುವೆ ಒಂದೆರಡು ದಿನ ಬಿಡುವಿರಲಿ. ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್ (ಕುಕ್ಕರಿಸಿ ಏಳುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಡಂಬೆಲ್ ಹಿಡಿದು ಸೊಂಟದಿಂದ ಬಾಗಿ ಏಳುವುದು), ಒಂದು ಕೈಯ ರೋ (ಮುಂದಕ್ಕೆ ಬಾಗಿ ಡಂಬೆಲನ್ನು ಪಕ್ಕೆಯತ್ತ ಎಳೆಯುವುದು), ಭುಜದಿಂದ ತಲೆಯ ಮೇಲಕ್ಕೆ ಪ್ರೆಸ್. ತಲಾ 3 ಸೆಟ್ (ಸುತ್ತು), ಸೆಟ್‌ಗೆ 8ರಿಂದ 12 ಸಲ, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ. ಕೊನೆಯ ಎರಡು ಸಲ ಕಷ್ಟವಾಗಲೇಬೇಕು, ಆದರೆ ಭಂಗಿ ಕೆಡಬಾರದು. ಮೂರೂ ಸೆಟ್‌ನಲ್ಲಿ 12 ಬಂತೆಂದರೆ ಒಂದೆರಡು ಕೆಜಿ ಏರಿಸಿ. ಎಷ್ಟು ಎತ್ತಿದಿರಿ ಅಂತ ಬರೆದಿಡಿ, ಇಲ್ಲದಿದ್ದರೆ ವರ್ಷಗಟ್ಟಲೆ ಅದೇ ತೂಕದಲ್ಲಿ ಉಳಿದುಬಿಡುತ್ತೀರಿ.

ಹೆಚ್ಚು ಜನ ಎಡವುವುದು ಡೆಡ್‌ಲಿಫ್ಟ್‌ನಲ್ಲಿ. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ. ಎರಡೂ ಕೈಯಲ್ಲಿ ಚೀಲವಿದ್ದಾಗ ಹಿಂದಿನ ಬಾಗಿಲನ್ನು ಸೊಂಟದಿಂದ ತಳ್ಳುತ್ತೀರಲ್ಲ, ಹಾಗೆ ಹಿಂದಕ್ಕೆ ಹೋಗಿ. ಮಂಡಿ ಸ್ವಲ್ಪವೇ ಮಡಿಸಿ. ಡಂಬೆಲ್ ತೊಡೆಗೆ ತಾಗಿಕೊಂಡೇ ಇಳಿಯಲಿ. ಅರ್ಧ ಅಡಿ ಮುಂದೆ ಹೋದರೂ ಹೊರೆ ನಡುಬೆನ್ನಿಗೆ ಬೀಳುತ್ತದೆ. ತೊಡೆಯ ಹಿಂಭಾಗ ಎಳೆದಂತಾದಾಗ ನಿಲ್ಲಿಸಿ, ನೆಲ ಮುಟ್ಟಬೇಕಿಲ್ಲ. ಸ್ಕ್ವಾಟ್‌ನಲ್ಲಿ ಏಳುವಾಗ ಮಂಡಿಗಳು ಒಳಕ್ಕೆ ವಾಲುತ್ತಿದ್ದರೆ ತೂಕ ಇಳಿಸಿ, ಮಂಡಿಯನ್ನು ಪಾದದ ಬೆರಳಿನ ದಿಕ್ಕಿಗೆ ತಳ್ಳಿ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಭಾರ ಎತ್ತುವಾಗ ಮೂತ್ರ ಸೋರುತ್ತದೆ. ನಾಚಿಕೆಯಿಂದ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ, ಸಂಕಟವಾಗುತ್ತದೆ. ಉಸಿರು ಕಟ್ಟಿದಾಗ ಹೊಟ್ಟೆಯ ಒತ್ತಡ ಕೆಳಕ್ಕೆ ಬೀಳುವುದು ಇದಕ್ಕೊಂದು ಕಾರಣ. ತೂಕ ಕಡಿಮೆ ಮಾಡಿ, ಎತ್ತುವಾಗ ಉಸಿರು ಬಿಡಿ. ಆದರೂ ನಿಲ್ಲದಿದ್ದರೆ ಇದನ್ನೇ ನೋಡುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ, ಹೋಗಿ.

ಊಟ. 60 ಕೆಜಿ ತೂಕದವರು ದಿನಕ್ಕೆ 70 ಗ್ರಾಂ ಆಸುಪಾಸು ಪ್ರೋಟೀನ್ ತಿನ್ನಬೇಕು (ಕಿಡ್ನಿ ತೊಂದರೆಯಿದ್ದರೆ ವೈದ್ಯರನ್ನು ಕೇಳಿ). ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25. ಮುದ್ದೆ ಬಿಡಬೇಕಿಲ್ಲ, ಸಾರಿನಲ್ಲಿ ಕಾಳು ಹೆಚ್ಚಲಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವಷ್ಟರಲ್ಲಿ ಪಾತ್ರೆಯಲ್ಲಿ ಬರೀ ನೀರು ಉಳಿದಿರುತ್ತದೆ. ನಿಮ್ಮ ಪಾಲಿನ ಕಾಳನ್ನು ಮೊದಲೇ ತೆಗೆದಿಡಿ.