ಆಟಿಸಂ ಸಂಖ್ಯೆ ಕಡಿಮೆ ಇದ್ದರೇ ನನಗೆ ಭಯ

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಎರಡು ವರ್ಷಕ್ಕೊಂದು ಲೆಕ್ಕ ತೆಗೆಯುತ್ತದೆ. ಎಂಟು ವರ್ಷದ ಮಕ್ಕಳಲ್ಲಿ ಎಷ್ಟು ಮಂದಿಗೆ ಆಟಿಸಂ (ಸ್ವಲೀನತೆ) ಇದೆ ಅಂತ. 2000ದಲ್ಲಿ 150 ಮಕ್ಕಳಿಗೆ ಒಬ್ಬರು. 2022ರ ಲೆಕ್ಕದಲ್ಲಿ 31ಕ್ಕೆ ಒಬ್ಬರು. ಹೊಸ ಸಂಖ್ಯೆ ಬಂದಾಗಲೆಲ್ಲ ಫೇಸ್‌ಬುಕ್ ತುಂಬ ಗಾಬರಿ. ಲಸಿಕೆ ಕಾರಣ, ಮೊಬೈಲ್ ಕಾರಣ, ಏನೂ ಸಿಗದಿದ್ದರೆ ತಾಯಿಯ ತಲೆಗೆ ಕಟ್ಟುವುದು.

ಸ್ವಲ್ಪ ತಡೆಯಿರಿ. ಈ ಲೆಕ್ಕಕ್ಕೆ ಯಾರೂ ಒಂದೊಂದು ಮಗುವನ್ನೂ ಕೂರಿಸಿ ಪರೀಕ್ಷೆ ಮಾಡುವುದಿಲ್ಲ. ಆಯ್ದ ಕೆಲವು ಪ್ರದೇಶಗಳ ಆಸ್ಪತ್ರೆ ಮತ್ತು ಶಾಲೆಯ ದಾಖಲೆ ನೋಡಿ ಎಣಿಸುತ್ತಾರೆ. ಯಾರಾದರೂ ಗುರುತಿಸಿ ಬರೆದಿಟ್ಟಿದ್ದರೆ ಮಾತ್ರ ಆ ಮಗು ಲೆಕ್ಕಕ್ಕೆ ಸೇರುತ್ತದೆ. ಬರೆದಿಡದ ಮಗು ಲೆಕ್ಕದಲ್ಲೇ ಇಲ್ಲ.

2022ರ ಲೆಕ್ಕದ ವರದಿಯಲ್ಲೇ ನೋಡಿ. ಟೆಕ್ಸಾಸ್‌ನ ಲರೇಡೊದಲ್ಲಿ ಸುಮಾರು 103ಕ್ಕೆ ಒಬ್ಬರು. ಕ್ಯಾಲಿಫೋರ್ನಿಯಾದಲ್ಲಿ ಎಣಿಸಿದ ಕಡೆ 19ಕ್ಕೆ ಒಬ್ಬರು. ಒಂದೇ ದೇಶ, ಒಂದೇ ವರ್ಷ, ಐದು ಪಟ್ಟು ವ್ಯತ್ಯಾಸ! ಲರೇಡೊದ ಮಕ್ಕಳು ಅಷ್ಟು ಪುಣ್ಯ ಮಾಡಿದ್ದರಾ? ನನಗೇನೋ ನಂಬಿಕೆ ಇಲ್ಲ. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ಆಟಿಸಂ ಬೇಗ ಗುರುತಿಸಲು ಮಕ್ಕಳ ಡಾಕ್ಟರುಗಳಿಗೇ ತರಬೇತಿ ಕೊಟ್ಟಿದ್ದಾರೆ. ಹುಡುಕಿದರು, ಸಿಕ್ಕಿತು.

ದಕ್ಷಿಣ ಕೊರಿಯಾದ ಒಂದು ಅಧ್ಯಯನ 2011ರಲ್ಲಿ ಬಂತು. ಅಲ್ಲಿ ದಾಖಲೆ ನಂಬಿ ಕೂರಲಿಲ್ಲ, ಶಾಲೆಗಳಿಗೇ ಹೋದರು. ಸುಮಾರು 38ಕ್ಕೆ ಒಬ್ಬರು ಸಿಕ್ಕರು. ಅವರಲ್ಲಿ ಮೂರನೇ ಎರಡು ಪಾಲು ಮಕ್ಕಳು ಸಾಮಾನ್ಯ ಶಾಲೆಯಲ್ಲಿ, ಯಾವ ನೆರವೂ ಇಲ್ಲದೆ ಓದುತ್ತಿದ್ದರು. ಎಷ್ಟು ಜನ 'ಹಟಮಾರಿ', 'ದಡ್ಡ' ಅಂತ ಬೈಸಿಕೊಂಡಿರಬಹುದು, ಯೋಚಿಸಿ.

ಏರಿಕೆ ಪೂರ್ತಿ ಕಾಗದದ್ದೇ ಅಂತ ನಾನು ವಾದಿಸುತ್ತಿಲ್ಲ. ಮೊದಲಿಗಿಂತ ತಡವಾಗಿ ಅಪ್ಪ ಅಮ್ಮ ಆಗುತ್ತಿದ್ದಾರೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಜಾಸ್ತಿ ಬದುಕುತ್ತಿದ್ದಾರೆ. ಅದರ ಪಾಲೂ ಇರಬಹುದು. ಆದರೆ ಲಸಿಕೆಯ ವಾದ ಸಾಕು. ಲಕ್ಷಾಂತರ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ನಂಟು ಸಿಕ್ಕಿಲ್ಲ.

ಹುಡುಗಿಯರ ವಿಷಯ ಬೇರೆಯೇ. ಸಿಡಿಸಿ ಲೆಕ್ಕದಲ್ಲಿ ಹುಡುಗರು ಮೂರು ಪಟ್ಟಿಗೂ ಹೆಚ್ಚು. ಸುಮ್ನೆ ಕೂತಿರುವ ಹುಡುಗಿಯನ್ನು 'ನಾಚಿಕೆ ಸ್ವಭಾವ' ಅಂತ ಬಿಟ್ಟುಬಿಡುತ್ತಾರೆ, ಅಲ್ವಾ?

ಆ ವರದಿಯಲ್ಲಿ ನಾನು ಮೊದಲು ನೋಡುವುದು ಇನ್ನೊಂದು ಅಂಕಿ: ಯಾವ ವಯಸ್ಸಿನಲ್ಲಿ ಗುರುತಿಸಿದರು ಅನ್ನುವುದು. ಕ್ಯಾಲಿಫೋರ್ನಿಯಾದ ಮಧ್ಯಾಂಕ, ಅಂದರೆ ಗುರುತಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಸಿಕ್ಕಿಬಿಟ್ಟಿದ್ದ ವಯಸ್ಸು, 36 ತಿಂಗಳು. ಲರೇಡೊದಲ್ಲಿ 69.5 ತಿಂಗಳು. ಸಂಖ್ಯೆ ಕಡಿಮೆ ಇರುವ ಊರಲ್ಲೇ ಮಕ್ಕಳು ಹೆಚ್ಚುಕಮ್ಮಿ ಮೂರು ವರ್ಷ ಜಾಸ್ತಿ ಕಾದಿದ್ದಾರೆ. ಗಾಬರಿಯಾಗುವುದಿದ್ದರೆ ಇದಕ್ಕೆ ಆಗಿ.