ಮುಚ್ಚಳ ಬಿಚ್ಚಿದ ಮೇಲೆ ಕಿವಿ ತೆರೆಯಿತು

ದುಬಾರಿ ಸಿ.ಡಿ. ಪ್ಲೇಯರ್ ಕೊಂಡವರು ಅದರಲ್ಲಿ ಹಾಡು ಕೇಳುತ್ತಾರೆ ಅಂತ ತಿಳಿದಿದ್ದರೆ ಆ ಲೋಕ ನಿಮಗೆ ಗೊತ್ತಿಲ್ಲ ಅಂತಲೇ ಅರ್ಥ. ಅವರು ಮೊದಲು ಹುಡುಕುವುದು ಸ್ಕ್ರೂಡ್ರೈವರ್. ಇದಕ್ಕಿಂತ ಒಳ್ಳೆಯದು ಇಲ್ಲವೆಂದು ನಂಬಿಯೇ ದುಡ್ಡು ಸುರಿದಿರುತ್ತಾರೆ. ಪೆಟ್ಟಿಗೆ ಮನೆಗೆ ಬಂದ ವಾರದೊಳಗೆ ಮುಚ್ಚಳ ಎತ್ತಿ, “ಪಾಪ, ಕಂಪನಿಯವರಿಗೆ ಇದೆಲ್ಲ ತಿಳಿದಿಲ್ಲ” ಎಂದು ಮರುಗುತ್ತಾರೆ. ಮುಚ್ಚಳದ ಜೊತೆ ವಾರಂಟಿಯೂ ಎದ್ದುಹೋಗುತ್ತದೆ. ಹೋಗಲಿ ಬಿಡಿ, ವಾರಂಟಿಗೇನು ನಾದವಿದೆಯೇ?

ಆಮೇಲೆ ಶುರು ಶಸ್ತ್ರಚಿಕಿತ್ಸೆ. ಇದ್ದ ಆಪ್-ಆಂಪ್ (ದನಿಯ ಸಂಕೇತವನ್ನು ಹಿಗ್ಗಿಸುವ ಚಿಪ್) ಕಿತ್ತು ಬೇರೆಯದು ಕೂರಿಸಿದರೆ ನಾದದ ಮೇಲಿನ ಒಂದು ಮುಸುಕು ಸರಿಯುತ್ತದೆ. ಕೆಪಾಸಿಟರ್ ಬದಲಿಸಿದರೆ ಇನ್ನೊಂದು. ಹೆಬ್ಬೆರಳು ಗಾತ್ರದ ಪವರ್ ಕೇಬಲ್ ಹಾಕಿದರೆ ಮತ್ತೊಂದು. ಪೆಟ್ಟಿಗೆಯ ಅಡಿಗೆ ಚೂಪು ಕಾಲು ಕೊಟ್ಟರೆ ಮಗದೊಂದು. ಇಷ್ಟೊಂದು ಮುಸುಕಿನೊಳಗೆ ಗಾಯಕಿ ಅದು ಹೇಗೆ ಉಸಿರಾಡುತ್ತಿದ್ದಳೋ! ಇದಕ್ಕೆ ಸಾಕ್ಷಿಯೂ ಸಿದ್ಧ: ಅಡುಗೆಮನೆಯಲ್ಲಿದ್ದ ಹೆಂಡತಿಯೇ ಬಂದು “ಏನು ಬದಲಾಯಿಸಿದ್ರಿ?” ಎಂದಳಂತೆ. ಆಕೆ ಕೇಳಿದ್ದು ಬಿಲ್ಲಿನ ಬಗ್ಗೆ ಇರಬಹುದು ಎಂಬ ಅನುಮಾನ ಯಾವ ವಿಮರ್ಶಕರಿಗೂ ಬಂದಂತಿಲ್ಲ.

ಕ್ಲಾಕ್, ಅಂದರೆ ಯಂತ್ರದೊಳಗೆ ತಾಳ ಹಾಕುವ ಸ್ಫಟಿಕ. ಅದರ ಬದಲಾವಣೆಯಂತೂ ಈ ಪಂಥದ ದೀಕ್ಷೆ. ಹಳೆಯ ಸ್ಫಟಿಕದ ತಾಳದಲ್ಲಿ ನೂರಾರು ಪಿಕೋಸೆಕೆಂಡ್ ನಡುಕವಿತ್ತು, ಹೊಸದರಲ್ಲಿ ಒಂದೇ ಒಂದು ಎಂದು ಎದೆಯುಬ್ಬಿಸುತ್ತಾರೆ. ಒಂದು ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಸಾಗುವ ದೂರ ಬೆರಳೆಣಿಕೆಯ ಪರಮಾಣುಗಳಷ್ಟು. ಆನಂದದಿಂದ ತಲೆದೂಗುವಾಗ ಕಿವಿ ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ಅದರ ಲಕ್ಷಪಟ್ಟಿಗೂ ಮಿಕ್ಕ ದೂರ. ಅಂದಮೇಲೆ ಹೊಸ ಕ್ಲಾಕ್ ಹಾಕಿಸಿದವರು ತಲೆದೂಗುವುದನ್ನು ಬಿಡಬೇಕಲ್ಲವೇ?

ಇನ್ನು ಡಿಸ್ಕಿನ ಅಂಚಿಗೆ ಹಸಿರು ಮಸಿ ಬಳಿಯುವ ವ್ರತ ಬೇರೆ ಇತ್ತು. ದಾರಿತಪ್ಪಿದ ಲೇಸರ್ ಬೆಳಕನ್ನು ಅದು ಹೀರುತ್ತದಂತೆ. ಸೋನಿ, ಫಿಲಿಪ್ಸ್ ಸೇರಿ 1980ರಲ್ಲಿ ಸಿ.ಡಿ.ಯ ನಿಯಮ ಬರೆದಾಗಲೇ ಸುಮಾರು 2.5 ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಕಳೆದುಹೋದ ಬಿಟ್‌ಗಳನ್ನು ಲೆಕ್ಕ ಹಾಕಿ ಚಾಚೂ ತಪ್ಪದೆ ಮರಳಿ ಪಡೆಯುವ ಗಣಿತವನ್ನು ಅದರೊಳಗೆ ಇಟ್ಟಿದ್ದರು. ಹೀಗೆ ಪಡೆದ ಅಂಕಿಗಳು ಮೊದಲು ಮೆಮೊರಿಯಲ್ಲಿ ಸಾಲಾಗಿ ನಿಂತು, ಎಡಕ್ಕೂ ಬಲಕ್ಕೂ ತಲಾ ಸೆಕೆಂಡಿಗೆ 44,100ರಂತೆ ಹೊರಡುತ್ತವೆ. ಅವಕ್ಕೆ ಅಂಚಿನ ಬಣ್ಣ ಯಾವುದಾದರೇನು? ಪೆನ್ನು ಮಾರಿದವರ ಬದುಕು ಮಾತ್ರ ಹಸಿರಾಯಿತು.

ಇಷ್ಟಾದರೂ ಫಲ ಕಾಣದಿದ್ದರೆ ಗಾಬರಿ ಬೇಡ, ಯಂತ್ರ ಇನ್ನೂ ಪಳಗಿಲ್ಲ. ಇನ್ನೂರು ಮುನ್ನೂರು ಗಂಟೆ ಓಡಿಸಬೇಕು. ಪಳಗಿದ ಮೇಲೆ ಕೆಟ್ಟಿತು ಎಂದು ಒಬ್ಬರಾದರೂ ಹೇಳಿದ್ದು ನನಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ವಾಪಸು ಕೊಡುವ ಗಡುವು ಮುಗಿದಿರುತ್ತದೆ, ಇಷ್ಟಪಡದೆ ಬೇರೆ ದಾರಿ ಇರುವುದಿಲ್ಲ.

ಕಣ್ಣಿಗೆ ಕಾಣದಂತೆ ಮರೆಮಾಡಿ ಕೇಳಿಸಿದರೆ? ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಈ ಅಧಿಕಪ್ರಸಂಗ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಸ್.ಎ.ಸಿ.ಡಿ.ಯಂಥ ಮೇಲ್ದರ್ಜೆಯ ಡಿಸ್ಕುಗಳ ನಾದವನ್ನು ಒಮ್ಮೆ ನೇರವಾಗಿ, ಒಮ್ಮೆ ಮಾಮೂಲಿ ಸಿ.ಡಿ.ಯ 16 ಬಿಟ್ಟಿನ ಇಕ್ಕಟ್ಟಿನಲ್ಲಿ ತೂರಿಸಿ ಕೇಳಿಸಿದರು. ದನಿಯ ಮಟ್ಟ ಎರಡರಲ್ಲೂ ಒಂದೇ. ಈ ಎಚ್ಚರ ಮುಖ್ಯ, ಏಕೆಂದರೆ ಕೂದಲೆಳೆಯಷ್ಟು ಜೋರಾದ ದನಿಯೇ ಕಿವಿಗೆ ‘ಉತ್ತಮ’ ಎನಿಸುತ್ತದೆ. 554 ಸಲ ಕೇಳಿಸಿ ಯಾವುದು ಯಾವುದೆಂದು ಕೇಳಿದಾಗ 276 ಸಲ ಉತ್ತರ ಸರಿ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು, ಅದೂ ಕೇಬಲ್ ಇಲ್ಲದೆ. ಇದಕ್ಕೆ ಕಿವಿವಂತರ ಸಮಜಾಯಿಷಿ ಏನೆಂದರೆ, ಪರೀಕ್ಷೆಯ ಒತ್ತಡದಲ್ಲಿ ಕಿವಿ ಮುದುಡುತ್ತದಂತೆ. ಮೂರು ಗೋಡೆಯಾಚೆಯ ಫ್ಯೂಸ್ ಬದಲಾದದ್ದನ್ನು ಹಿಡಿಯುವ ಕಿವಿ, ಬೆಲೆಚೀಟಿ ಮುಚ್ಚಿದೊಡನೆ ಕಿವುಡಾಗುತ್ತದೆ.

ಮುಚ್ಚಳ ಬಿಚ್ಚುವ ಚಟದಿಂದ ಒಂದು ಉಪಕಾರವಂತೂ ಆಗಿದೆ. 2010ರಲ್ಲಿ ಲೆಕ್ಸಿಕಾನ್ ಬಿ.ಡಿ.-30 ಎಂಬ ಪ್ಲೇಯರನ್ನು ಯಾರೋ ಬಿಚ್ಚಿ ನೋಡಿದರೆ ಒಳಗೆ ಒಪ್ಪೊ ಕಂಪನಿಯ ಅಗ್ಗದ ಪ್ಲೇಯರ್ ಬಿ.ಡಿ.ಪಿ.-83 ತನ್ನ ತಗಡಿನ ಚೌಕಟ್ಟಿನ ಸಮೇತ ಕೂತಿತ್ತು. ಹೊರಗಿನ ಪೆಟ್ಟಿಗೆ ಬೇರೆ, ಬೆಲೆ ಏಳು ಪಟ್ಟು. ಮಾರ್ಪಾಡು ಅಂದರೆ ಹೀಗಿರಬೇಕು. ಗಿರಾಕಿ ಬೆಸುಗೆಯ ಕಾವುಕಡ್ಡಿ ಹಿಡಿಯುವ ಶ್ರಮವನ್ನೂ ಕಂಪನಿಯೇ ಉಳಿಸಿತ್ತು.

ಹಳೆಯ ಯಂತ್ರದ ಒಣಗಿದ ಕೆಪಾಸಿಟರ್ ಬದಲಿಸುವುದು, ಲೇಸರಿನ ಲೆನ್ಸ್ ಒರೆಸುವುದು, ಅದು ಓಡಾಡುವ ಹಳಿಗೆ ಗ್ರೀಸ್ ಹಚ್ಚುವುದು ನಿಜವಾದ ರಿಪೇರಿ. ನಿಂತದ್ದು ಓಡುತ್ತದೆ. ಆದರೆ ಅದಕ್ಕೆ ವಿಮರ್ಶೆ ಬರೆಯುವವರಿಲ್ಲ, ವಿಶೇಷಣಗಳೂ ಸಿಗುವುದಿಲ್ಲ.

ಕೊನೆಗೊಂದು ದಿನ ಇನ್ನೂ ದೊಡ್ಡ ಪ್ಲೇಯರ್ ಕಣ್ಣಿಗೆ ಬೀಳುತ್ತದೆ, ಇದನ್ನು ಮಾರಲೇಬೇಕು. ಮಾಡಿಸಿದ ಮಾರ್ಪಾಡುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಬೆಲೆ ಕಟ್ಟಿ ಕಾಯುತ್ತಾರೆ. ಕೊಳ್ಳಲು ಬಂದವನೂ ಅದೇ ಪಂಥದವನೇ. ಪಟ್ಟಿಯನ್ನು ಪಕ್ಕಕ್ಕಿಟ್ಟು ಕೇಳುತ್ತಾನೆ: “ಕಂಪನಿ ಕೊಟ್ಟಿದ್ದ ಹಳೇ ಪಾರ್ಟ್‌ಗಳು ಇವೆಯಲ್ಲ ಸಾರ್? ವಾಪಸ್ ಹಾಕಿಸಿ ಕೊಡ್ತೀರಾ?”